ಜಾಲ ಸ್ವಿಚ್‌ನ ವಿಳಂಬಿತ ಮರುಚಾಲನೆ: ಅರ್ಜಿದಾರರ ಮಾಹಿತಿಗಾಗಿ

1. ಪೀಠಿಕೆ

"ಜಾಲ ಉಪಕರಣದ ಮರುಚಾಲನೆಯ ನಿಮಿತ್ತ ಸೇವೆಯು ತಾತ್ಕಾಲಿಕವಾಗಿ ಲಭ್ಯವಿರುವುದಿಲ್ಲ" ಎಂಬ ಸೂಚನೆಯನ್ನು ಸೇವಾ ಕೇಂದ್ರಗಳ ಫಲಕಗಳಲ್ಲಿ ಸಾರ್ವಜನಿಕರು ಆಗಿಂದಾಗ್ಗೆ ಗಮನಿಸಿರಬಹುದು. ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ಪಹಣಿ, ಪಿಂಚಣಿ ಮುಂತಾದ ಕೆಲಸಗಳಿಗಾಗಿ ಒಂದು ದಿನದ ಕೂಲಿಯನ್ನು ಬಿಟ್ಟು ದೂರದ ಗ್ರಾಮದಿಂದ ಬಂದವರಿಗೆ ಈ ಒಂದು ಸಾಲಿನ ಸೂಚನೆಯಿಂದ ಸಮಾಧಾನವಾಗದಿರುವುದು ಸಹಜ. ಉಪಕರಣವನ್ನು ಏಕೆ ಮರುಚಾಲನೆಗೊಳಿಸಬೇಕು, ಅದನ್ನು ಯಾರು ಎಲ್ಲಿಂದ ಮಾಡುತ್ತಾರೆ, ಕೂಡಲೇ ಮಾಡದೆ ಕೆಲವು ನಿಮಿಷಗಳ ನಂತರಕ್ಕೆ ಏಕೆ ನಿಗದಿಪಡಿಸಲಾಗುತ್ತದೆ, ಈ ಅವಧಿಯಲ್ಲಿ ಅರ್ಜಿಯು ಏನಾಗುತ್ತದೆ ಎಂಬ ಪ್ರಶ್ನೆಗಳಿಗೆ ಈ ಪುಟದಲ್ಲಿ ಉತ್ತರ ನೀಡಲಾಗಿದೆ.

ವಿಳಂಬಿತ ಮರುಚಾಲನೆ ಎಂಬುದು ಹೆಸರಿನಿಂದ ವಿಳಂಬವನ್ನು ಸೂಚಿಸುವಂತೆ ಕಂಡರೂ ಅದರ ಉದ್ದೇಶವು ವಿಳಂಬವನ್ನು ತಪ್ಪಿಸುವುದೇ ಆಗಿದೆ. ದೂರದ ಕಛೇರಿಯೊಂದರ ಸಂಪರ್ಕವು ಅಚಾತುರ್ಯದಿಂದ ಕಡಿದುಹೋದಲ್ಲಿ, ಯಾರೂ ಸ್ಥಳಕ್ಕೆ ತೆರಳದೆಯೇ ಉಪಕರಣವು ತಾನಾಗಿಯೇ ಹಿಂದಿನ ಸುಸ್ಥಿತಿಗೆ ಮರಳುವಂತೆ ಮುಂಚಿತವಾಗಿ ಮಾಡಿಡುವ ಏರ್ಪಾಡು ಇದಾಗಿದೆ.

2. ಸ್ವಿಚ್ ಎಂದರೇನು?

ಸೇವಾ ಕೇಂದ್ರದ ಗಣಕಯಂತ್ರಗಳು, ಮುದ್ರಣಯಂತ್ರಗಳು, ಬೆರಳಚ್ಚು ಗುರುತಿನ ಯಂತ್ರಗಳು ಮೊದಲಾದವುಗಳನ್ನು ಕೇಬಲ್‌ಗಳ ಮೂಲಕ ಒಂದಕ್ಕೊಂದು ಜೋಡಿಸುವ ಉಪಕರಣಕ್ಕೆ ಸ್ವಿಚ್ ಎಂದು ಹೆಸರು. ಸಾಮಾನ್ಯವಾಗಿ 24 ಅಥವಾ 48 ಕಿಂಡಿಗಳಿರುವ ಈ ಚಪ್ಪಟೆ ಪೆಟ್ಟಿಗೆಯು ಕಛೇರಿಯ ಒಂದು ಮೂಲೆಯ ಕಪಾಟಿನಲ್ಲಿ ಇರುತ್ತದೆ. ಗವಾಕ್ಷಿಯ ಸಿಬ್ಬಂದಿಯು ಅರ್ಜಿಯ ವಿವರಗಳನ್ನು ನಮೂದಿಸಿದಾಗ ಆ ಮಾಹಿತಿಯು ಮೊದಲು ಸ್ವಿಚ್‌ಗೆ, ಅಲ್ಲಿಂದ ರೌಟರ್ ಎಂಬ ಮತ್ತೊಂದು ಉಪಕರಣಕ್ಕೆ, ಅಲ್ಲಿಂದ ರಾಜ್ಯದ ಜಾಲದ ಮೂಲಕ ದತ್ತಾಂಶ ಕೇಂದ್ರಕ್ಕೆ ತಲುಪುತ್ತದೆ. ಉತ್ತರವೂ ಇದೇ ಮಾರ್ಗದಲ್ಲಿ ಹಿಂದಿರುಗುತ್ತದೆ.

ಭೂಮಿ ಯೋಜನೆಯು 2000ದ ಸುಮಾರಿಗೆ ಆರಂಭಗೊಂಡಾಗ ಪಹಣಿಯ ದತ್ತಾಂಶವು ಆಯಾ ತಾಲ್ಲೂಕು ಕಛೇರಿಯ ಗಣಕಯಂತ್ರದಲ್ಲಿಯೇ ಇರುತ್ತಿತ್ತು. ನಂತರದ ವರ್ಷಗಳಲ್ಲಿ ದಾಖಲೆಗಳು ಕೇಂದ್ರೀಕೃತ ದತ್ತಾಂಶ ಕೇಂದ್ರಕ್ಕೆ ವರ್ಗಾವಣೆಗೊಂಡವು. ರಾಜ್ಯವ್ಯಾಪಿ ಜಾಲಗಳ ಯೋಜನೆಗೆ ಭಾರತ ಸರ್ಕಾರವು 2005ರಲ್ಲಿ ಅನುಮೋದನೆ ನೀಡಿದ್ದು, ರಾಜ್ಯ ಕೇಂದ್ರಸ್ಥಾನದಿಂದ ಜಿಲ್ಲೆ ಹಾಗೂ ತಾಲ್ಲೂಕು ಮಟ್ಟದವರೆಗೆ ಕನಿಷ್ಠ 2 ಎಂಬಿಪಿಎಸ್ ಸಾಮರ್ಥ್ಯದ ಸಂಪರ್ಕ ಕಲ್ಪಿಸುವುದು ಅದರ ಗುರಿಯಾಗಿತ್ತು. ಕರ್ನಾಟಕದಲ್ಲಿ ಈ ಜಾಲವು ಕೆಸ್ವಾನ್ ಎಂದು ಪರಿಚಿತವಾಗಿದೆ. ಈ ವ್ಯವಸ್ಥೆಯಿಂದ ಯಾವುದೇ ಊರಿನಲ್ಲಿ ಕುಳಿತು ದಾಖಲೆ ಪಡೆಯುವ ಅನುಕೂಲವಾಯಿತು. ಅದರೊಂದಿಗೆ, ಕಛೇರಿಯ ಮೂಲೆಯಲ್ಲಿರುವ ಒಂದು ಸ್ವಿಚ್ ಸ್ತಬ್ಧವಾದರೂ ಇಡೀ ಗವಾಕ್ಷಿ ಸಾಲು ಸ್ತಬ್ಧವಾಗುವ ಪರಿಸ್ಥಿತಿಯೂ ಉಂಟಾಯಿತು.

3. ಮರುಚಾಲನೆಯ ಅಗತ್ಯ

ಸ್ವಿಚ್ ಸಹ ಒಂದು ಬಗೆಯ ಗಣಕಯಂತ್ರವೇ ಆಗಿದ್ದು, ಅದರಲ್ಲಿ ತನ್ನದೇ ಆದ ತಂತ್ರಾಂಶ ಮತ್ತು ಸ್ಮೃತಿ ಇರುತ್ತವೆ. ಈ ಕೆಳಕಂಡ ಸಂದರ್ಭಗಳಲ್ಲಿ ಅದನ್ನು ಮರುಚಾಲನೆಗೊಳಿಸುವುದು ಅಗತ್ಯವಾಗುತ್ತದೆ.

ಅ) ಭದ್ರತಾ ದೋಷಗಳನ್ನು ನಿವಾರಿಸಿದ ಹೊಸ ತಂತ್ರಾಂಶವನ್ನು ಅಳವಡಿಸಿದಾಗ.
ಆ) ದೀರ್ಘಕಾಲ ನಿರಂತರವಾಗಿ ಚಾಲನೆಯಲ್ಲಿದ್ದು, ತಂತ್ರಾಂಶದ ದೋಷದಿಂದ ಸ್ಮೃತಿಯು ಕ್ರಮೇಣ ಕ್ಷೀಣಿಸಿ ಉಪಕರಣವು ನಿಧಾನಗೊಂಡಾಗ.
ಇ) ಮರುಚಾಲನೆಯ ನಂತರವೇ ಜಾರಿಗೆ ಬರುವ ಕೆಲವು ಬದಲಾವಣೆಗಳನ್ನು ಮಾಡಿದಾಗ.
ಈ) ದೂರದಿಂದ ಮಾಡಿದ ಬದಲಾವಣೆಯು ವಿಫಲವಾಗಿ, ಉಪಕರಣವನ್ನು ಹಿಂದಿನ ಸ್ಥಿತಿಗೆ ತರಬೇಕಾದಾಗ.

ಮರುಚಾಲನೆಗೊಂಡ ಸ್ವಿಚ್ ಮೊದಲು ತನ್ನ ಭಾಗಗಳನ್ನು ಪರೀಕ್ಷಿಸಿಕೊಂಡು, ತಂತ್ರಾಂಶವನ್ನು ಸ್ಮೃತಿಗೆ ತುಂಬಿಕೊಂಡು, ನಂತರ ಕಿಂಡಿಗಳನ್ನು ತೆರೆಯುತ್ತದೆ. ಮಾದರಿಗೆ ಅನುಗುಣವಾಗಿ ಇದಕ್ಕೆ ಸುಮಾರು 3ರಿಂದ 10 ನಿಮಿಷಗಳು ಬೇಕಾಗುತ್ತವೆ. ಇದಲ್ಲದೆ, ಜಾಲದಲ್ಲಿ ಮಾಹಿತಿಯು ಸುತ್ತಿ ಸುತ್ತಿ ತಿರುಗುವುದನ್ನು ತಡೆಯುವ ಸ್ಪ್ಯಾನಿಂಗ್ ಟ್ರೀ ಎಂಬ ನಿಯಮದ ಮೂಲ ರೂಪದಲ್ಲಿ, ಪ್ರತಿ ಕಿಂಡಿಯು ಆಲಿಸುವ ಹಂತದಲ್ಲಿ 15 ಸೆಕೆಂಡು ಹಾಗೂ ಕಲಿಯುವ ಹಂತದಲ್ಲಿ 15 ಸೆಕೆಂಡು ಕಾಯುತ್ತದೆ. ಸ್ವಿಚ್‌ನ ದೀಪಗಳು ಬೆಳಗಿದ ನಂತರವೂ ಗವಾಕ್ಷಿಯ ಗಣಕಯಂತ್ರವು ಕೂಡಲೇ ಕಾರ್ಯನಿರ್ವಹಿಸದಿರಲು ಇದು ಒಂದು ಕಾರಣ. ಸ್ವಿಚ್‌ನಿಂದಲೇ ವಿದ್ಯುತ್ ಪಡೆಯುವ ದೂರವಾಣಿ ಹಾಗೂ ಕ್ಯಾಮೆರಾಗಳು ಸಹ ಈ ಅವಧಿಯಲ್ಲಿ ಸ್ಥಗಿತಗೊಳ್ಳುತ್ತವೆ.

4. ಸ್ವಿಚ್‌ನ ಎರಡು ಸಂರಚನೆಗಳು

ವಿಳಂಬಿತ ಮರುಚಾಲನೆಯು ಹೇಗೆ ರಕ್ಷಣೆ ನೀಡುತ್ತದೆ ಎಂಬುದನ್ನು ತಿಳಿಯಲು ಒಂದು ಅಂಶವನ್ನು ಮನಗಾಣುವುದು ಅವಶ್ಯ. ಯಾವ ಕಿಂಡಿಯು ಯಾವ ವಿಭಾಗಕ್ಕೆ ಸೇರಿದೆ, ಯಾರಿಗೆ ಪ್ರವೇಶವಿದೆ ಮುಂತಾದ ನಿರ್ದೇಶನಗಳ ಪಟ್ಟಿಗೆ ಸಂರಚನೆ ಎನ್ನಲಾಗುತ್ತದೆ. ನಿರ್ವಹಣೆಗೆ ಒಳಪಡುವ ಬಹುತೇಕ ಸ್ವಿಚ್‌ಗಳಲ್ಲಿ ಇಂತಹ ಪಟ್ಟಿಗಳು ಎರಡು ಇರುತ್ತವೆ.

ಮೊದಲನೆಯದು ಚಾಲ್ತಿ ಸಂರಚನೆ. ಇದು ತಾತ್ಕಾಲಿಕ ಸ್ಮೃತಿಯಲ್ಲಿದ್ದು, ಅಭಿಯಂತರರು ನೀಡುವ ಆಜ್ಞೆಗಳು ಆ ಕ್ಷಣದಿಂದಲೇ ಇದರಲ್ಲಿ ಜಾರಿಗೆ ಬರುತ್ತವೆ. ವಿದ್ಯುತ್ ನಿಂತರೆ ಅಥವಾ ಮರುಚಾಲನೆಯಾದರೆ ಇದು ಅಳಿಸಿಹೋಗುತ್ತದೆ. ಎರಡನೆಯದು ಆರಂಭಿಕ ಸಂರಚನೆ. ಇದು ಶಾಶ್ವತ ಸ್ಮೃತಿಯಲ್ಲಿದ್ದು, ಪ್ರತಿ ಬಾರಿ ಚಾಲನೆಗೊಂಡಾಗ ಸ್ವಿಚ್ ಇದನ್ನೇ ಓದಿಕೊಳ್ಳುತ್ತದೆ. ಚಾಲ್ತಿ ಸಂರಚನೆಯನ್ನು ಆರಂಭಿಕ ಸಂರಚನೆಯ ಸ್ಥಾನಕ್ಕೆ ಪ್ರತಿ ಮಾಡುವ ಆಜ್ಞೆಯನ್ನು ಪ್ರತ್ಯೇಕವಾಗಿ ನೀಡಿದ ಹೊರತು ಹೊಸ ಬದಲಾವಣೆಯು ಶಾಶ್ವತವಾಗುವುದಿಲ್ಲ.

ಕರಡು ಪತ್ರ ಮತ್ತು ಸಹಿಯಾದ ಪತ್ರಗಳ ನಡುವಿನ ವ್ಯತ್ಯಾಸಕ್ಕೆ ಇದನ್ನು ಹೋಲಿಸಬಹುದು. ಕರಡಿನಲ್ಲಿ ಎಷ್ಟೇ ತಿದ್ದುಪಡಿ ಮಾಡಿದರೂ ಕಡತದಲ್ಲಿ ಉಳಿಯುವುದು ಸಹಿಯಾದ ಪತ್ರವೇ. ಮರುಚಾಲನೆ ಎಂದರೆ ಕರಡನ್ನು ಬದಿಗಿಟ್ಟು ಸಹಿಯಾದ ಪತ್ರಕ್ಕೆ ಮರಳುವುದು.

5. ದೂರದಿಂದ ನಿರ್ವಹಣೆ ಮತ್ತು ಅದರಲ್ಲಿನ ಅಪಾಯ

ಪ್ರತಿಯೊಂದು ತಾಲ್ಲೂಕು ಕೇಂದ್ರದಲ್ಲಿಯೂ ಜಾಲ ತಜ್ಞರನ್ನು ನಿಯೋಜಿಸುವುದು ಕಾರ್ಯಸಾಧ್ಯವಲ್ಲ. ಆದುದರಿಂದ ಅಭಿಯಂತರರು ಒಂದು ಕೇಂದ್ರಸ್ಥಾನದಿಂದ ಎಸ್ಎಸ್ಎಚ್ ಎಂಬ ಸುರಕ್ಷಿತ ವಿಧಾನದ ಮೂಲಕ ದೂರದ ಸ್ವಿಚ್‌ಗೆ ಸಂಪರ್ಕ ಹೊಂದಿ, ಆಜ್ಞಾಸಾಲಿನಲ್ಲಿ ಒಂದೊಂದೇ ಆಜ್ಞೆಯನ್ನು ಬೆರಳಚ್ಚಿಸಿ ಕೆಲಸ ನಿರ್ವಹಿಸುತ್ತಾರೆ. ಆಜ್ಞಾಸಾಲು ಎಂದರೆ ಚಿತ್ರಗಳಾಗಲಿ ಗುಂಡಿಗಳಾಗಲಿ ಇಲ್ಲದೆ ಕೇವಲ ಅಕ್ಷರಗಳ ಮೂಲಕ ಯಂತ್ರದೊಂದಿಗೆ ವ್ಯವಹರಿಸುವ ಪರದೆ.

ಇಲ್ಲಿ ಒಂದು ಅಪಾಯವಿದೆ. ಅಭಿಯಂತರರ ಆಜ್ಞೆಗಳು ಯಾವ ಸಂಪರ್ಕದ ಮೂಲಕ ಸ್ವಿಚ್‌ಗೆ ತಲುಪುತ್ತವೆಯೋ ಅದೇ ಸಂಪರ್ಕವು ಅವರು ಬದಲಾಯಿಸುತ್ತಿರುವ ಸಂರಚನೆಯನ್ನು ಅವಲಂಬಿಸಿರುತ್ತದೆ. ಒಂದು ಪದ ತಪ್ಪಿದರೂ ಕುಳಿತ ಕೊಂಬೆಯನ್ನೇ ಕಡಿದಂತಾಗುತ್ತದೆ. ಜಾಲ ನಿರ್ವಹಣೆಯಲ್ಲಿ ಸುಪರಿಚಿತವಾದ ಒಂದು ಉದಾಹರಣೆಯನ್ನು ಇಲ್ಲಿ ನೀಡಬಹುದು.

ಒಂದೇ ಸ್ವಿಚ್‌ನಲ್ಲಿ ವಿವಿಧ ವಿಭಾಗಗಳ ಸಂಚಾರವನ್ನು ಪ್ರತ್ಯೇಕಿಸಲು ವಿಲ್ಯಾನ್ ಎಂಬ ಸಂಖ್ಯಾಬದ್ಧ ಉಪಜಾಲಗಳನ್ನು ರಚಿಸಲಾಗುತ್ತದೆ. ಸ್ವಿಚ್‌ನಿಂದ ಹೊರಹೋಗುವ ಮುಖ್ಯ ಕೊಂಡಿಯ ಮೇಲೆ ಯಾವ ಯಾವ ಉಪಜಾಲಗಳಿಗೆ ಅವಕಾಶವಿದೆ ಎಂಬ ಪಟ್ಟಿ ಇರುತ್ತದೆ. ಹೊಸದಾಗಿ 30ನೇ ಉಪಜಾಲವನ್ನು ಸೇರಿಸಬೇಕಾದಲ್ಲಿ ಸಿಸ್ಕೋ ಸಂಸ್ಥೆಯ ಸ್ವಿಚ್‌ಗಳಲ್ಲಿ "ಸ್ವಿಚ್‌ಪೋರ್ಟ್ ಟ್ರಂಕ್ ಅಲೋಡ್ ವಿಲ್ಯಾನ್ ಆಡ್ 30" ಎಂಬ ಆಜ್ಞೆ ನೀಡಬೇಕು. ಇದರಲ್ಲಿ "ಆಡ್" ಎಂಬ ಒಂದು ಪದ ಬಿಟ್ಟುಹೋದರೆ ಅರ್ಥವೇ ಬದಲಾಗಿ, 30ನೇ ಉಪಜಾಲವೊಂದನ್ನು ಬಿಟ್ಟು ಉಳಿದೆಲ್ಲವೂ ಪಟ್ಟಿಯಿಂದ ಹೊರಬೀಳುತ್ತವೆ. ಗವಾಕ್ಷಿಗಳ ಉಪಜಾಲವೂ ಅಭಿಯಂತರರು ಬಳಸುತ್ತಿರುವ ನಿರ್ವಹಣಾ ಉಪಜಾಲವೂ ಆ ಪಟ್ಟಿಯಲ್ಲಿದ್ದಲ್ಲಿ ಎರಡೂ ಒಂದೇ ಕ್ಷಣದಲ್ಲಿ ನಿಂತುಹೋಗುತ್ತವೆ. ತಪ್ಪನ್ನು ಸರಿಪಡಿಸುವ ಆಜ್ಞೆಯನ್ನು ಕಳುಹಿಸಲು ಆಗ ದಾರಿಯೇ ಉಳಿದಿರುವುದಿಲ್ಲ.

ಇಂತಹ ಸಂದರ್ಭದಲ್ಲಿ ಯಾರಾದರೂ ಸ್ಥಳಕ್ಕೆ ತೆರಳಿ ಕನ್ಸೋಲ್ ಕೇಬಲ್ ಜೋಡಿಸಿ ಸರಿಪಡಿಸಬೇಕಾಗುತ್ತದೆ. ಬೆಂಗಳೂರಿನಿಂದ ಬೀದರ್ ಜಿಲ್ಲೆಯ ಔರಾದ್ ಸುಮಾರು 700 ಕಿಲೋಮೀಟರ್ ದೂರದಲ್ಲಿದೆ. ತಜ್ಞರು ಅಲ್ಲಿಗೆ ತಲುಪುವವರೆಗೆ, ಇಲ್ಲವೇ ಜಿಲ್ಲಾ ಕೇಂದ್ರದಿಂದ ಬೇರೊಬ್ಬರನ್ನು ಕಳುಹಿಸುವವರೆಗೆ, ಅಂದಿನ ಅರ್ಜಿದಾರರು ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ.

6. ವಿಳಂಬಿತ ಮರುಚಾಲನೆಯ ಆಜ್ಞೆಗಳು

ಮೇಲ್ಕಂಡ ಅಪಾಯಕ್ಕೆ ಪರಿಹಾರವು ಸ್ವಿಚ್‌ನಲ್ಲಿಯೇ ಅಡಕವಾಗಿದೆ. ಬದಲಾವಣೆಗೆ ಕೈಹಾಕುವ ಮುನ್ನ "ಇಂತಿಷ್ಟು ನಿಮಿಷಗಳ ನಂತರ ಮರುಚಾಲನೆಗೊಳ್ಳತಕ್ಕದ್ದು" ಎಂದು ಸ್ವಿಚ್‌ಗೆ ಆಜ್ಞಾಪಿಸಲಾಗುತ್ತದೆ. ಬದಲಾವಣೆ ಯಶಸ್ವಿಯಾದರೆ ಆ ಆಜ್ಞೆಯನ್ನು ರದ್ದುಪಡಿಸಲಾಗುತ್ತದೆ. ಸಂಪರ್ಕ ಕಡಿದುಹೋದರೆ ರದ್ದುಪಡಿಸಲು ಯಾರಿಗೂ ಸಾಧ್ಯವಾಗುವುದಿಲ್ಲ. ನಿಗದಿತ ಸಮಯಕ್ಕೆ ಸ್ವಿಚ್ ತಾನಾಗಿ ಮರುಚಾಲನೆಗೊಂಡು, ಹಿಂದೆ ಉಳಿಸಿಟ್ಟ ಆರಂಭಿಕ ಸಂರಚನೆಯನ್ನು ಓದಿಕೊಂಡು, ಮೊದಲಿನಂತೆ ಕಾರ್ಯನಿರ್ವಹಿಸಲಾರಂಭಿಸುತ್ತದೆ.

ಸಿಸ್ಕೋ ಸಂಸ್ಥೆಯ ಐಓಎಸ್ ತಂತ್ರಾಂಶದಲ್ಲಿ ಬಳಸಲಾಗುವ ಆಜ್ಞೆಗಳು ಈ ಕೆಳಕಂಡಂತಿವೆ. ಉಪಕರಣದಲ್ಲಿ ಇವುಗಳನ್ನು ರೋಮನ್ ಲಿಪಿಯಲ್ಲಿ ಬೆರಳಚ್ಚಿಸಬೇಕಾಗಿದ್ದು, ಇಲ್ಲಿ ಉಚ್ಚಾರಣೆಗೆ ಅನುಗುಣವಾಗಿ ಕನ್ನಡದಲ್ಲಿ ನೀಡಲಾಗಿದೆ. ಇವುಗಳನ್ನು ನೀಡಲು ವಿಶೇಷ ಅಧಿಕಾರದ ಗುಪ್ತಪದ ಅವಶ್ಯವಾಗಿರುತ್ತದೆ.

ಅ) "ರೀಲೋಡ್ ಇನ್ 20": ಈಗಿನಿಂದ 20 ನಿಮಿಷಗಳ ನಂತರ ಮರುಚಾಲನೆ. "ರೀಲೋಡ್ ಇನ್ 1:30" ಎಂದಲ್ಲಿ ಒಂದು ಗಂಟೆ 30 ನಿಮಿಷಗಳ ನಂತರ.
ಆ) "ರೀಲೋಡ್ ಅಟ್ 23:30": ಗಡಿಯಾರದ ಪ್ರಕಾರ ರಾತ್ರಿ 11 ಗಂಟೆ 30 ನಿಮಿಷಕ್ಕೆ ಮರುಚಾಲನೆ. ಬೇಕಾದಲ್ಲಿ ತಿಂಗಳು ಮತ್ತು ದಿನಾಂಕವನ್ನೂ ಸೂಚಿಸಬಹುದು. ದಿನಾಂಕ ಸೂಚಿಸದಿದ್ದಲ್ಲಿ, ಆ ಸಮಯವು ಅಂದು ಇನ್ನೂ ಬಾಕಿಯಿದ್ದರೆ ಅಂದೇ, ಮೀರಿದ್ದರೆ ಮರುದಿನ ಎಂದು ಪರಿಗಣಿಸಲಾಗುತ್ತದೆ.
ಇ) "ಶೋ ರೀಲೋಡ್": ನಿಗದಿಯಾದ ಮರುಚಾಲನೆ ಇದೆಯೇ, ಇದ್ದಲ್ಲಿ ಎಷ್ಟು ಸಮಯ ಉಳಿದಿದೆ ಎಂಬ ವಿವರ.
ಈ) "ರೀಲೋಡ್ ಕ್ಯಾನ್ಸಲ್": ನಿಗದಿಯಾದ ಮರುಚಾಲನೆಯ ರದ್ದತಿ. ರದ್ದಾದ ಕೂಡಲೇ "ಶಟ್‌ಡೌನ್ ಅಬಾರ್ಟೆಡ್" ಎಂಬ ಸಂದೇಶವು ಪರದೆಯ ಮೇಲೆ ಮೂಡುತ್ತದೆ.

ಮೊದಲೆರಡು ಆಜ್ಞೆಗಳ ಕೊನೆಯಲ್ಲಿ ಕಾರಣವನ್ನು ಒಂದು ಸಾಲಿನಲ್ಲಿ ನಮೂದಿಸಲು ಅವಕಾಶವಿದೆ. ಮರುಚಾಲನೆಯನ್ನು ಸುಮಾರು 24 ದಿನಗಳಿಗಿಂತ ಮುಂದಕ್ಕೆ ನಿಗದಿಪಡಿಸಲು ಬರುವುದಿಲ್ಲ. ಸಮಯ ಸಮೀಪಿಸಿದಂತೆ ಸ್ವಿಚ್‌ಗೆ ಸಂಪರ್ಕ ಹೊಂದಿರುವವರ ಪರದೆಯ ಮೇಲೆ ಎಚ್ಚರಿಕೆಯ ಸಂದೇಶಗಳು ಕಾಣಿಸಿಕೊಳ್ಳುತ್ತವೆ.

ಇತರ ತಯಾರಕರ ಉಪಕರಣಗಳಲ್ಲಿ ಪದಗಳು ಭಿನ್ನವಾಗಿರುತ್ತವೆ. ಎಚ್‌ಪಿ ಪ್ರೋಕರ್ವ್ ಸ್ವಿಚ್‌ಗಳಲ್ಲಿ "ರೀಲೋಡ್ ಆಫ್ಟರ್" ಎಂಬ ಆಜ್ಞೆಯಿಂದ ನಿಗದಿಪಡಿಸಿ "ನೋ ರೀಲೋಡ್" ಎಂಬ ಆಜ್ಞೆಯಿಂದ ರದ್ದುಪಡಿಸಲಾಗುತ್ತದೆ. ಜುನಿಪರ್ ಸಂಸ್ಥೆಯ ಉಪಕರಣಗಳಲ್ಲಿ "ಕಮಿಟ್ ಕನ್ಫರ್ಮ್ಡ್" ಎಂಬ ವಿಧಾನವಿದ್ದು, ಅವಧಿ ಸೂಚಿಸದಿದ್ದಲ್ಲಿ 10 ನಿಮಿಷಗಳೊಳಗೆ ದೃಢೀಕರಿಸದ ಬದಲಾವಣೆಯು ಮರುಚಾಲನೆಯೇ ಇಲ್ಲದೆ ಹಿಂತೆಗೆದುಕೊಳ್ಳಲ್ಪಡುತ್ತದೆ. ವಿಧಾನ ಬೇರೆಯಾದರೂ ತತ್ವವು ಒಂದೇ ಆಗಿದೆ.

7. ಅನುಸರಿಸಬೇಕಾದ ಕ್ರಮ

ದೂರದ ಸ್ವಿಚ್‌ನಲ್ಲಿ ಬದಲಾವಣೆ ಮಾಡುವಾಗ ಈ ಕೆಳಕಂಡ ಕ್ರಮವನ್ನು ಅನುಸರಿಸುವುದು ಸೂಕ್ತ.

1) ಗವಾಕ್ಷಿಗಳು ಮುಚ್ಚಿದ ನಂತರದ ಸಮಯವನ್ನು ಆಯ್ಕೆ ಮಾಡಿ, ಸಂಬಂಧಪಟ್ಟ ಕಛೇರಿಗೆ ಮುಂಚಿತವಾಗಿ ತಿಳಿಸುವುದು.
2) ಚಾಲ್ತಿ ಸಂರಚನೆಯು ಸುಸ್ಥಿತಿಯಲ್ಲಿರುವುದನ್ನು ಖಚಿತಪಡಿಸಿಕೊಂಡು, "ಕಾಪಿ ರನ್ನಿಂಗ್-ಕಾನ್ಫಿಗ್ ಸ್ಟಾರ್ಟಪ್-ಕಾನ್ಫಿಗ್" ಎಂಬ ಆಜ್ಞೆಯಿಂದ ಉಳಿಸುವುದು. ಅದರ ಒಂದು ಪ್ರತಿಯನ್ನು ಹೊರಗಿನ ಗಣಕಯಂತ್ರದಲ್ಲಿಯೂ ಇರಿಸುವುದು. ಹಿಂದೆ ಯಾರಾದರೂ ಉಳಿಸದೆ ಬಿಟ್ಟ ಬದಲಾವಣೆಗಳಿದ್ದಲ್ಲಿ ಮರುಚಾಲನೆಯಿಂದ ಅವು ಕಳೆದುಹೋಗದಿರಲು ಈ ಹಂತವು ಅವಶ್ಯ.
3) ಮರುಚಾಲನೆಯನ್ನು ನಿಗದಿಪಡಿಸಿ, "ಶೋ ರೀಲೋಡ್" ಆಜ್ಞೆಯಿಂದ ಖಾತರಿಪಡಿಸಿಕೊಳ್ಳುವುದು.
4) ಬದಲಾವಣೆಯನ್ನು ಮಾಡುವುದು. ಈ ಹಂತದಲ್ಲಿ ಸಂರಚನೆಯನ್ನು ಉಳಿಸಕೂಡದು.
5) ಪರೀಕ್ಷಿಸುವುದು. ಈಗಾಗಲೇ ತೆರೆದಿರುವ ಸಂಪರ್ಕವೊಂದನ್ನೇ ನೆಚ್ಚಿಕೊಳ್ಳದೆ ಹೊಸದಾಗಿ ಮತ್ತೊಮ್ಮೆ ಪ್ರವೇಶಿಸಿ ನೋಡುವುದು. ಗವಾಕ್ಷಿಯ ಗಣಕಯಂತ್ರದಿಂದ ಸೇವಾ ತಂತ್ರಾಂಶವು ತೆರೆಯುತ್ತದೆಯೇ, ಮುದ್ರಣವಾಗುತ್ತದೆಯೇ ಎಂದು ಸ್ಥಳೀಯ ಸಿಬ್ಬಂದಿಯಿಂದ ಕೇಳಿ ತಿಳಿಯುವುದು.
6) ಎಲ್ಲವೂ ಸರಿಯಿದ್ದಲ್ಲಿ "ರೀಲೋಡ್ ಕ್ಯಾನ್ಸಲ್" ಆಜ್ಞೆ ನೀಡಿ, "ಶೋ ರೀಲೋಡ್" ಮೂಲಕ ರದ್ದತಿಯನ್ನು ಖಚಿತಪಡಿಸಿಕೊಳ್ಳುವುದು.
7) ಅಂತಿಮವಾಗಿ ಹೊಸ ಸಂರಚನೆಯನ್ನು ಉಳಿಸುವುದು.

ಪರೀಕ್ಷೆಗೆ ಹೆಚ್ಚಿನ ಸಮಯ ಬೇಕೆನಿಸಿದಲ್ಲಿ ಹಳೆಯ ನಿಗದಿಯನ್ನು ರದ್ದುಪಡಿಸಿ ಹೊಸ ಅವಧಿಯನ್ನು ನೀಡಬಹುದು.

8. ಒಂದು ಉದಾಹರಣೆ

ಮೇಲಿನ ಕ್ರಮದ ಫಲವನ್ನು ವಿವರಿಸಲು ಒಂದು ಕಾಲ್ಪನಿಕ ಸನ್ನಿವೇಶವನ್ನು ನೀಡಲಾಗಿದೆ. ಕಛೇರಿಯ ವೇಳೆ ಸಂಜೆ 5.30ಕ್ಕೆ ಮುಗಿದಿದೆ. ಸಂಜೆ 6.00ಕ್ಕೆ ಕೇಂದ್ರಸ್ಥಾನದ ಅಭಿಯಂತರರು ತಾಲ್ಲೂಕು ಕೇಂದ್ರದ ಸ್ವಿಚ್‌ಗೆ ಪ್ರವೇಶಿಸಿ "ರೀಲೋಡ್ ಇನ್ 20" ಎಂಬ ಆಜ್ಞೆ ನೀಡುತ್ತಾರೆ. 6.04ಕ್ಕೆ ಮುಖ್ಯ ಕೊಂಡಿಯ ಪಟ್ಟಿಯನ್ನು ಬದಲಾಯಿಸುವಾಗ "ಆಡ್" ಪದವು ಬಿಟ್ಟುಹೋಗುತ್ತದೆ. ಪರದೆ ಸ್ತಬ್ಧವಾಗುತ್ತದೆ. ಇನ್ನು ಅವರು ಮಾಡಬೇಕಾದುದು ಕಾಯುವುದು ಮಾತ್ರ. 6.20ಕ್ಕೆ ಸ್ವಿಚ್ ಮರುಚಾಲನೆಗೊಳ್ಳುತ್ತದೆ. 6.26ರ ವೇಳೆಗೆ ಹಳೆಯ ಪಟ್ಟಿಯೊಂದಿಗೆ ಸಂಪರ್ಕವು ಮರಳುತ್ತದೆ. ಅಭಿಯಂತರರು ಪುನಃ ಪ್ರವೇಶಿಸಿ, ಮತ್ತೊಮ್ಮೆ ನಿಗದಿಪಡಿಸಿ, ಈ ಬಾರಿ ಸರಿಯಾದ ಆಜ್ಞೆ ನೀಡಿ ಕೆಲಸ ಮುಗಿಸುತ್ತಾರೆ. ಮರುದಿನ ಬೆಳಿಗ್ಗೆ 10.00ಕ್ಕೆ ಗವಾಕ್ಷಿ ತೆರೆದಾಗ ಸರತಿಯಲ್ಲಿ ನಿಂತ ಯಾರಿಗೂ ಹಿಂದಿನ ಸಂಜೆಯ ಲೋಪದ ಅರಿವಿರುವುದಿಲ್ಲ.

6.00ರ ಆಜ್ಞೆಯನ್ನು ನೀಡದೆ ಇದ್ದಿದ್ದರೆ 6.04ಕ್ಕೆ ಸ್ತಬ್ಧವಾದ ಸ್ವಿಚ್ ಹಾಗೆಯೇ ಇರುತ್ತಿತ್ತು. ಸ್ಥಳೀಯ ಸಿಬ್ಬಂದಿ ಇನ್ನೂ ಕಛೇರಿಯಲ್ಲಿದ್ದಲ್ಲಿ ದೂರವಾಣಿಯ ಮೂಲಕ ತಿಳಿಸಿ ವಿದ್ಯುತ್ ತೆಗೆದು ಹಾಕಿಸಬಹುದಿತ್ತು. ಬಾಗಿಲು ಹಾಕಿ ಬೀಗದ ಕೈಯೊಂದಿಗೆ ತೆರಳಿದ್ದಲ್ಲಿ ಮರುದಿನದವರೆಗೆ ಕಾಯಬೇಕಿತ್ತು.

9. ವಹಿಸಬೇಕಾದ ಎಚ್ಚರಿಕೆಗಳು

ಈ ಏರ್ಪಾಡನ್ನು ಅಜಾಗರೂಕತೆಯಿಂದ ಬಳಸಿದಲ್ಲಿ ಅದರಿಂದಲೇ ತೊಂದರೆ ಉಂಟಾಗಬಹುದು. ಪ್ರಮುಖ ಎಚ್ಚರಿಕೆಗಳು ಈ ಕೆಳಕಂಡಂತಿವೆ.

ಅ) ಅಕಾಲದಲ್ಲಿ ಉಳಿಸುವುದು. ಪರೀಕ್ಷೆಗೆ ಮುನ್ನ ಹೊಸ ಸಂರಚನೆಯನ್ನು ಉಳಿಸಿದರೆ ಮರುಚಾಲನೆಯ ನಂತರ ತಪ್ಪು ಸಂರಚನೆಯೇ ಮರಳಿ ಬರುತ್ತದೆ. ಉಳಿಸದ ಬದಲಾವಣೆಗಳಿರುವಾಗ ಮರುಚಾಲನೆಯ ಆಜ್ಞೆ ನೀಡಿದಲ್ಲಿ "ಉಳಿಸಬೇಕೇ?" ಎಂದು ಸ್ವಿಚ್ ಪ್ರಶ್ನಿಸುತ್ತದೆ. ಆ ಬದಲಾವಣೆಗಳು ಪರೀಕ್ಷೆಗೊಳಪಡದಿದ್ದಲ್ಲಿ "ಬೇಡ" ಎಂದು ಉತ್ತರಿಸತಕ್ಕದ್ದು.

ಆ) ರದ್ದುಪಡಿಸಲು ಮರೆಯುವುದು. ಕೆಲಸ ಯಶಸ್ವಿಯಾದ ಸಂತಸದಲ್ಲಿ "ರೀಲೋಡ್ ಕ್ಯಾನ್ಸಲ್" ನೀಡದೆ ಹೊರಬಂದರೆ ಸ್ವಿಚ್ ತನಗೆ ಹೇಳಿದಂತೆ ಮರುಚಾಲನೆಗೊಳ್ಳುತ್ತದೆ. ಹೊಸ ಸಂರಚನೆಯನ್ನು ಉಳಿಸಿರದಿದ್ದಲ್ಲಿ ಮಾಡಿದ ಕೆಲಸವೂ ವ್ಯರ್ಥವಾಗುತ್ತದೆ.

ಇ) ಗಡಿಯಾರದ ದೋಷ. "ರೀಲೋಡ್ ಅಟ್" ಆಜ್ಞೆಯು ಸ್ವಿಚ್‌ನ ಗಡಿಯಾರವನ್ನು ನಂಬುತ್ತದೆ. ಬ್ಯಾಟರಿ ಗಡಿಯಾರವಿಲ್ಲದ ಹಲವು ಸಿಸ್ಕೋ ಮಾದರಿಗಳು ಪ್ರತಿ ಚಾಲನೆಯಲ್ಲೂ 1993ರ ಮಾರ್ಚ್ 1ರಿಂದ ಕಾಲ ಎಣಿಸಲಾರಂಭಿಸುತ್ತವೆ. ಗಡಿಯಾರ ಸರಿಯಾಗಿದ್ದರೂ ಅದು ಅಂತರರಾಷ್ಟ್ರೀಯ ಪ್ರಮಾಣಕಾಲದಲ್ಲಿದ್ದಲ್ಲಿ ಭಾರತೀಯ ಕಾಲಮಾನಕ್ಕಿಂತ 5 ಗಂಟೆ 30 ನಿಮಿಷ ಹಿಂದಿರುತ್ತದೆ. ಮುಂಜಾನೆ 6.00 ಎಂದು ಭಾವಿಸಿ ನಿಗದಿಪಡಿಸಿದ ಮರುಚಾಲನೆಯು ಅಂತಹ ಸ್ವಿಚ್‌ನಲ್ಲಿ ಬೆಳಿಗ್ಗೆ 11.30ಕ್ಕೆ, ಅಂದರೆ ಗವಾಕ್ಷಿಯಲ್ಲಿ ಜನಸಂದಣಿ ಇರುವ ಹೊತ್ತಿನಲ್ಲಿ ನಡೆಯುತ್ತದೆ. ಆದುದರಿಂದ ಎನ್‌ಟಿಪಿ ವಿಧಾನದಿಂದ ಗಡಿಯಾರವನ್ನು ಹೊಂದಿಸಿ, ಕಾಲವಲಯವನ್ನು ನಮೂದಿಸಿ, "ಶೋ ಕ್ಲಾಕ್" ಆಜ್ಞೆಯಿಂದ ಪರಿಶೀಲಿಸುವುದು ಅವಶ್ಯ. ಕೇವಲ ರಕ್ಷಣೆಗಾಗಿ ಬಳಸುವಾಗ ಗಡಿಯಾರವನ್ನು ಅವಲಂಬಿಸದ "ರೀಲೋಡ್ ಇನ್" ಆಜ್ಞೆಯೇ ಸುರಕ್ಷಿತ.

ಈ) ಮರುಚಾಲನೆಯಿಂದ ಹಿಂದಿರುಗದ ಬದಲಾವಣೆಗಳು. ಸಿಸ್ಕೋ ಸ್ವಿಚ್‌ಗಳಲ್ಲಿ ವಿಟಿಪಿ ಸರ್ವರ್ ಸ್ಥಿತಿಯಲ್ಲಿರುವಾಗ ಉಪಜಾಲಗಳ ಪಟ್ಟಿಯು ಪ್ರತ್ಯೇಕ ಕಡತದಲ್ಲಿ ಕೂಡಲೇ ದಾಖಲಾಗುತ್ತದೆ. ಅಳಿಸಿದ ಉಪಜಾಲವು ಮರುಚಾಲನೆಯಿಂದ ಮರಳುವುದಿಲ್ಲ.

ಉ) ಯಂತ್ರದೋಷ. ತುಂಡಾದ ಕೇಬಲ್, ಕೆಟ್ಟುಹೋದ ವಿದ್ಯುತ್ ಘಟಕ ಇತ್ಯಾದಿಗಳಿಗೆ ವಿಳಂಬಿತ ಮರುಚಾಲನೆಯು ಪರಿಹಾರವಲ್ಲ. ಅಂತಹ ಸಂದರ್ಭಗಳಲ್ಲಿ ಸ್ಥಳಕ್ಕೆ ಭೇಟಿ ನೀಡುವುದು ಅನಿವಾರ್ಯ.

10. ಅರ್ಜಿದಾರರಿಗೆ ಸೂಚನೆಗಳು

ಗವಾಕ್ಷಿಯಲ್ಲಿ ವ್ಯವಹಾರ ನಡೆಯುತ್ತಿರುವಾಗ ಸಂಪರ್ಕವು ನಿಂತುಹೋದಲ್ಲಿ ಸಾರ್ವಜನಿಕರು ಈ ಕೆಳಕಂಡ ಅಂಶಗಳನ್ನು ಗಮನದಲ್ಲಿರಿಸಿಕೊಳ್ಳಬೇಕಾಗಿ ಕೋರಲಾಗಿದೆ.

1) ಸ್ವಿಚ್ ಮಾಹಿತಿಯನ್ನು ಸಾಗಿಸುತ್ತದೆಯೇ ಹೊರತು ಅರ್ಜಿಗಳನ್ನು ಸಂಗ್ರಹಿಸಿ ಇಡುವುದಿಲ್ಲ. ದತ್ತಾಂಶ ಕೇಂದ್ರದಲ್ಲಿ ಈಗಾಗಲೇ ದಾಖಲಾದ ಅರ್ಜಿಯು ಸ್ವಿಚ್‌ನ ಮರುಚಾಲನೆಯಿಂದ ಅಳಿಸಿಹೋಗುವುದಿಲ್ಲ.
2) ಸ್ವೀಕೃತಿ ಪತ್ರ ದೊರೆತಿದ್ದಲ್ಲಿ ಅರ್ಜಿಯು ದಾಖಲಾಗಿದೆ ಎಂದು ತಿಳಿಯಬಹುದು. 2011ರ ಅಧಿನಿಯಮದ ಮೇರೆಗೆ 2012ರಲ್ಲಿ ಜಾರಿಗೆ ಬಂದ ಸಕಾಲ ವ್ಯವಸ್ಥೆಗೆ ಒಳಪಟ್ಟ ಸೇವೆಗಳಲ್ಲಿ ಸ್ವೀಕೃತಿಯೊಂದಿಗೆ 15 ಅಂಕಿಗಳ ಸಂಖ್ಯೆಯನ್ನು ನೀಡಲಾಗುತ್ತದೆ. ಈ ಸಂಖ್ಯೆಯನ್ನು ಜೋಪಾನವಾಗಿರಿಸಿಕೊಳ್ಳತಕ್ಕದ್ದು.
3) ಸ್ವೀಕೃತಿ ಮುದ್ರಣವಾಗುವ ಮುನ್ನ ಸಂಪರ್ಕ ನಿಂತಲ್ಲಿ, ಅರ್ಜಿಯು ದಾಖಲಾಗಿರಬಹುದು ಅಥವಾ ಆಗದಿರಬಹುದು. ಸಂಪರ್ಕ ಮರಳಿದ ನಂತರ ಹೆಸರು ಅಥವಾ ಮೊಬೈಲ್ ಸಂಖ್ಯೆಯಿಂದ ಹುಡುಕಿ ನೋಡುವಂತೆ ಸಿಬ್ಬಂದಿಯನ್ನು ಕೋರಬಹುದು. ಪರಿಶೀಲಿಸದೆ ಎರಡನೇ ಅರ್ಜಿ ಸಲ್ಲಿಸುವುದು ಸೂಕ್ತವಲ್ಲ.
4) ಶುಲ್ಕದ ಹಣವು ಖಾತೆಯಿಂದ ಕಡಿತವಾಗಿ ರಸೀದಿ ದೊರೆಯದಿದ್ದಲ್ಲಿ ಕೂಡಲೇ ಮತ್ತೊಮ್ಮೆ ಪಾವತಿಸದೆ, ವಹಿವಾಟಿನ ಸಂಖ್ಯೆಯನ್ನು ಬರೆದಿಟ್ಟುಕೊಂಡು ಸಿಬ್ಬಂದಿಯ ಗಮನಕ್ಕೆ ತರತಕ್ಕದ್ದು.
5) ಅರ್ಜಿ ಸಲ್ಲಿಸಲು ಕೊನೆಯ ದಿನಾಂಕವಿರುವ ಸೇವೆಗಳಲ್ಲಿ ಅಂತಿಮ ದಿನದವರೆಗೆ ಕಾಯದೆ ಮುಂಚಿತವಾಗಿ ಸಲ್ಲಿಸುವುದು ಹಿತಕರ.
6) ಕಪಾಟಿನಲ್ಲಿರುವ ಉಪಕರಣದ ವಿದ್ಯುತ್ ಸಂಪರ್ಕವನ್ನಾಗಲಿ ಕೇಬಲ್‌ಗಳನ್ನಾಗಲಿ ಯಾರೂ ಮುಟ್ಟಬಾರದು.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕೆಲವೇ ನಿಮಿಷಗಳ ಮರುಚಾಲನೆಗೆ ಅರ್ಧ ಗಂಟೆಯ ಸೂಚನೆಯನ್ನು ಏಕೆ ನೀಡಲಾಗುತ್ತದೆ?
ಉತ್ತರ: ಸೂಚಿತ ಅವಧಿಯಲ್ಲಿ ಬದಲಾವಣೆ, ಪರೀಕ್ಷೆ ಹಾಗೂ ವಿಫಲವಾದಲ್ಲಿ ಹಿಂದಿನ ಸ್ಥಿತಿಗೆ ಮರಳುವ ಸಮಯ ಎಲ್ಲವೂ ಸೇರಿರುತ್ತದೆ. ಎಲ್ಲವೂ ಸುಗಮವಾಗಿ ನಡೆದಲ್ಲಿ ಸೇವೆಯು ಬೇಗನೆ ಪುನರಾರಂಭವಾಗುತ್ತದೆ.

ಪ್ರಶ್ನೆ: ಸೂಚನೆಯಿದ್ದರೂ ಅಂದು ಮರುಚಾಲನೆಯೇ ನಡೆಯಲಿಲ್ಲ. ಇದು ಲೋಪವೇ?
ಉತ್ತರ: ಅಲ್ಲ. ಮರುಚಾಲನೆಯನ್ನು ರಕ್ಷಣೆಗಾಗಿ ನಿಗದಿಪಡಿಸಿದ್ದಲ್ಲಿ, ಬದಲಾವಣೆಯು ಯಶಸ್ವಿಯಾದ ಕೂಡಲೇ ಅದನ್ನು ರದ್ದುಪಡಿಸಲಾಗುತ್ತದೆ.

ಪ್ರಶ್ನೆ: ನಿಗದಿತ ಸಮಯಕ್ಕೆ ಮುಂಚೆಯೇ ವಿದ್ಯುತ್ ಕಡಿತವಾದಲ್ಲಿ ಏನಾಗುತ್ತದೆ?
ಉತ್ತರ: ವಿದ್ಯುತ್ ಮರಳಿದಾಗ ಸ್ವಿಚ್ ಉಳಿಸಿಟ್ಟ ಸಂರಚನೆಯೊಂದಿಗೆ ಚಾಲನೆಗೊಳ್ಳುತ್ತದೆ. ಫಲಿತಾಂಶವು ಮರುಚಾಲನೆಗೆ ಸಮಾನವಾಗಿರುತ್ತದೆ.

ಪ್ರಶ್ನೆ: ಮನೆಯ ಇಂಟರ್‌ನೆಟ್ ಉಪಕರಣಕ್ಕೂ ಈ ವಿಧಾನ ಅನ್ವಯಿಸುತ್ತದೆಯೇ?
ಉತ್ತರ: ಮನೆಗಳಲ್ಲಿ ಬಳಸುವ ಸರಳ ಸ್ವಿಚ್‌ಗಳಲ್ಲಿ ಆಜ್ಞಾಸಾಲು ಇರುವುದಿಲ್ಲ. ಉಪಕರಣವು ಕೈಗೆಟುಕುವಂತಿರುವುದರಿಂದ ವಿದ್ಯುತ್ ತೆಗೆದು ಹಾಕುವುದೇ ಸಾಕಾಗುತ್ತದೆ. ಕೈಗೆಟುಕದ ಉಪಕರಣಕ್ಕೆ ಮಾತ್ರ ಈ ಏರ್ಪಾಡು ಅವಶ್ಯ.

12. ಸಮಾರೋಪ

ಎಷ್ಟೇ ನುರಿತ ಸಿಬ್ಬಂದಿಯಾದರೂ ಒಂದು ಪದವು ಬಿಟ್ಟುಹೋಗುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. ಆ ಲೋಪದ ಹೊರೆಯು ದಿನದ ಕೂಲಿ ಬಿಟ್ಟು ಬಂದ ಅರ್ಜಿದಾರರ ಮೇಲೆ ಬೀಳದಂತೆ ನೋಡಿಕೊಳ್ಳುವುದು ವಿಳಂಬಿತ ಮರುಚಾಲನೆಯ ಉದ್ದೇಶ. ಕೆಲಸ ಆರಂಭಿಸುವ ಮುನ್ನ ಬೆರಳಚ್ಚಿಸುವ ಒಂದು ಸಾಲಿನ ಆಜ್ಞೆಗೆ ಕೆಲವು ಸೆಕೆಂಡುಗಳು ಸಾಕು. ಅದನ್ನು ಬೆರಳಚ್ಚಿಸದಿದ್ದಲ್ಲಿ ಒಂದು ತಾಲ್ಲೂಕಿನ ಇಡೀ ದಿನದ ಸೇವೆಯು ನಿಲ್ಲಬಹುದು. ಸೂಚನಾ ಫಲಕದಲ್ಲಿ ಮರುಚಾಲನೆಯ ಪ್ರಕಟಣೆಯನ್ನು ಕಂಡಾಗ ಸಾರ್ವಜನಿಕರು ಮೇಲ್ಕಂಡ ಅಂಶಗಳನ್ನು ಗಮನಿಸಿ, ತಮ್ಮ ಭೇಟಿಯ ಸಮಯವನ್ನು ಅದಕ್ಕನುಗುಣವಾಗಿ ಹೊಂದಿಸಿಕೊಂಡು ಸಹಕರಿಸಬೇಕಾಗಿ ಕೋರಲಾಗಿದೆ.